ಎರಡು ಸಲ ಕರೆದ ಮೇಲೆ

ಅವರು ತೀರಿಕೊಂಡ ಸುದ್ದಿ ನನಗೆ ಸ್ಟೇರಿಂಗ್ ಹಿಡಿದಿದ್ದಾಗಲೇ ಬಂತು. ಮುದಗಲ್ಲಿನಲ್ಲಿ ಬಸ್ಸು ಹೊರಡುವ ಹೊತ್ತಿಗೆ ಪರಿಚಯದವರೊಬ್ಬರು ಕಿಟಕಿಯ ಹತ್ತಿರ ಬಂದು, "ನಿಮ್ಮ ಮೋಟಾರ್ ಸಾಬ್ರು ನಿನ್ನೆ ಹೋಗ್ಬಿಟ್ರಂತ್ರೀ" ಎಂದರು. ಹಿಂದೆ ಜನ ತುಂಬಿದ್ದರು. ನಾನು "ಹೌದಾ" ಎಂದೆ, ಗೇರು ಹಾಕಿದೆ, ಸಿಂಧನೂರು ಮುಟ್ಟುವವರೆಗೆ ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಅಳುವುದಕ್ಕೂ ಒಂದು ಜಾಗ ಬೇಕು, ಡ್ರೈವರನ ಸೀಟು ಅದಲ್ಲ. ಇದನ್ನು ಕಲಿಸಿದವರೂ ಅವರೇ.

ಲಿಂಗಸುಗೂರಿನಿಂದ ಮಸ್ಕಿ ಮೇಲೆ ಹಾದು ಸಿಂಧನೂರಿಗೆ ಹೋಗಿಬರುವ ಬಸ್ಸಿನ ಡ್ರೈವರು ಅವರು. ಬಸ್ಸು ಲಿಂಗಸುಗೂರಿನ ಒಬ್ಬ ಸಾಹುಕಾರರದು. ಆ ದಾರಿಯ ಜನಕ್ಕೆಲ್ಲ ಅವರು ಮೋಟಾರ್ ಸಾಬ್ರು. ತಂದೆತಾಯಿ ಇಟ್ಟ ಹೆಸರು ನನಗೆ ಗೊತ್ತಿದ್ದರೂ ಅದನ್ನು ನಾನು ಒಂದು ದಿನವೂ ಬಾಯಿಂದ ಆಡಿದವನಲ್ಲ. ಇಲ್ಲಿ ಬರೆದರೆ ಬೇರೆ ಯಾರದೋ ಕಥೆಯಂತೆ ಕಂಡೀತು.

ದೊಡ್ಡ ಆಳು. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತಿತ್ತು. ಖಾಕಿ ಕೋಟಿನ ಮೇಲಿನ ಗುಂಡಿಯನ್ನು ಎಂಥ ಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಬೀಡಿ ಸೇದುತ್ತಿರಲಿಲ್ಲ, ಆದರೆ ಜೇಬಿನಲ್ಲಿ ಒಂದಿಷ್ಟು ತಂಬಾಕಿನ ಎಲೆ ಇರುತ್ತಿತ್ತು. ಮಳೆ ಬಂದರೆ ಅದನ್ನು ಮುಂದಿನ ಗಾಜಿಗೆ ತಿಕ್ಕುತ್ತಿದ್ದರು, ನೀರು ನಿಲ್ಲದೆ ಜಾರಿಹೋಗುತ್ತಿತ್ತು. ಬಸ್ಸು ನಡೆಯುವಾಗ ಮಾತಾಡಿಸಿದವರ ಕಡೆ ಕತ್ತು ತಿರುಗಿಸಿದ್ದನ್ನು ನಾನು ಕಂಡಿಲ್ಲ. ಒಮ್ಮೆ ತಹಸೀಲ್ದಾರರೇ ಮುಂದಿನ ಸೀಟಿನಲ್ಲಿ ಕೂತು ಏನೋ ಕೇಳಿದರು. ಇವರು ಉತ್ತರ ಕೊಡದೆ ಮಸ್ಕಿಯವರೆಗೆ ಬಂದು, ಬಸ್ಸು ನಿಲ್ಲಿಸಿ, ಇಳಿದು ಸಲಾಂ ಮಾಡಿ, "ಹಾಂ ಸಾಹೇಬ್ರ, ಈಗ ಹೇಳ್ರಿ" ಎಂದರು. ತಹಸೀಲ್ದಾರರಿಗೆ ತಾವು ಕೇಳಿದ್ದೇನೆಂಬುದು ಅಷ್ಟರಲ್ಲಿ ಮರೆತುಹೋಗಿತ್ತು.

ನಲವತ್ತೆಂಟನೆಯ ಇಸವಿಯಲ್ಲಿ ನಿಜಾಮರ ಮೇಲೆ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಕೆಲವು ತಿಂಗಳು ಅವರು ಬಸ್ಸು ಹೊರಗೆ ತೆಗೆಯಲಿಲ್ಲ. ಆಗ ನಾನಿನ್ನೂ ಮಸ್ಕಿಯಲ್ಲಿ ನಮ್ಮಪ್ಪನ ಅಂಗಡಿಯಲ್ಲಿ ಕೂಡುತ್ತಿದ್ದೆ. ಮತ್ತೆ ಬಸ್ಸು ಬಂದಾಗ ಯಾರೂ ಹತ್ತಲಿಲ್ಲ. ಕೆಲವರಿಗೆ ಸಿಟ್ಟು, ಕೆಲವರಿಗೆ ಅಂಜಿಕೆ, ಉಳಿದವರು ಪಕ್ಕದವನ ಮುಖ ನೋಡುವವರು. ಅವರು ಖಾಲಿ ಬಸ್ಸನ್ನೇ ದಿನವೂ ಸಿಂಧನೂರಿಗೆ ಓಡಿಸಿದರು. ಪ್ರತಿ ಹಳ್ಳಿಯ ಮುಂದೆ ನಿಲ್ಲಿಸಿ, ಹಾರ್ನ್ ಒತ್ತಿ, ಸ್ವಲ್ಪ ಹೊತ್ತು ಕಾದು ಮುಂದೆ ಹೋಗುತ್ತಿದ್ದರು. ನಮ್ಮಪ್ಪ ಒಂದು ದಿನ ಅಂಗಡಿಯಿಂದಲೇ ಕೇಳಿದರು.

"ಖಾಲಿ ಗಾಡಿ ಯಾಕ ಹೊಡಿತೀರಿ ಸಾಬ್ರ? ಪೆಟ್ರೋಲ್ ಹಾಳು."

"ದಿನಾ ಹೋಗ್ಲಿಲ್ಲಂದ್ರ ರಸ್ತಾ ನಮ್ಮನ್ನ ಮರ್ತುಬಿಡ್ತೈತ್ರೀ ಶೆಟ್ರ."

ಮರುದಿನ ನಮ್ಮಪ್ಪ ಸಿಂಧನೂರಿನಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ ವಿಭೂತಿ ಹಚ್ಚಿಕೊಂಡು, ರುಮಾಲು ಸುತ್ತಿಕೊಂಡು ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ಅವರನ್ನು ನೋಡಿ ಇನ್ನೊಬ್ಬರು ಹತ್ತಿದರು. ವಾರ ಕಳೆಯುವುದರೊಳಗೆ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ.

ಅಂಗಡಿ ನನಗೆ ಒಗ್ಗಲಿಲ್ಲ. ನಮ್ಮಪ್ಪನೇ ಸಾಬ್ರ ಹತ್ತಿರ ಮಾತಾಡಿ ನನ್ನನ್ನು ಕಂಡಕ್ಟರ್ ಮಾಡಿಸಿದರು. ಮೊದಲನೆಯ ದಿನವೇ ಸಾಬ್ರು ಹೇಳಿದ ಕೆಲಸ ಟಿಕೆಟ್ಟಿನದಲ್ಲ. "ತಮ್ಮಾ, ರಸ್ತಾದಾಗ ಹಳ್ಳ ಬಂದ್ರ, ತಿರುವು ಬಂದ್ರ, ದನ ಬಂದ್ರ ನೀ ಒದರಬೇಕು. ನಾ ಕಂಡೀನಿ ಅಂತೀನಿ."

"ನಿಮಗ ಕಾಣ್ತೈತಲ್ರೀ?"

"ಕಾಣ್ತೈತಿ. ನಾ ನೋಡಾಕತ್ತೀನೋ ಇಲ್ಲೋ ಅನ್ನೂದು ನಿನಗ ಹೆಂಗ ಗೊತ್ತಾಗಬೇಕು?"

ಅಂದಿನಿಂದ ಅದೇ ನಮ್ಮ ಪದ್ಧತಿ. ನಾನು ಬಾಗಿಲ ಹತ್ತಿರ ನಿಂತು "ಹಳ್ಳ ಬಂತ್ರೀ" ಎನ್ನುವುದು, ಅವರು "ಕಂಡೀನಿ" ಎನ್ನುವುದು. ಜನಕ್ಕೆ ಇದೊಂದು ತಮಾಷೆ. ಬಳೆ ಮಾರುವ ಒಬ್ಬಾಕೆ ವಾರಕ್ಕೊಮ್ಮೆ ಸಂತೆಗೆ ಬರುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆಕೆ "ಎಮ್ಮಿ ಬಂತ್ರೀ" ಎಂದು ಕೂಗುತ್ತಿದ್ದಳು. ಬಸ್ಸೆಲ್ಲ ನಗುತ್ತಿತ್ತು. ಸಾಬ್ರು ಮಾತ್ರ ನಗದೆ, ಎಮ್ಮೆ ಇದೆಯೋ ಇಲ್ಲವೋ ನೋಡಿ, "ಇಲ್ಲ" ಎನ್ನುತ್ತಿದ್ದರು.

ಆಮೇಲೆ ಇನ್ನೊಂದು ಪಾಠ ಶುರುವಾಯಿತು. ಮಧ್ಯಾಹ್ನ ಸಿಂಧನೂರಿನಿಂದ ಮರಳಿ ಬಂದು ಜನ ಇಳಿದ ಮೇಲೆ ಬಸ್ಸನ್ನು ಲಿಂಗಸುಗೂರಿನ ಹೊರಗಿನ ಮೈದಾನಕ್ಕೆ ಒಯ್ಯುತ್ತಿದ್ದರು. ಅಲ್ಲಿ ನಿಧಾನಕ್ಕೆ ಓಡಿಸುತ್ತ ಇದ್ದಕ್ಕಿದ್ದಂತೆ ಸ್ಟೇರಿಂಗಿನ ಮೇಲೆ ದಬಕ್ಕನೆ ಬೀಳುವರು. ನಾನು ಅವರ ಕೈ ಸರಿಸಿ ಸ್ಟೇರಿಂಗ್ ಹಿಡಿಯಬೇಕು, ಸ್ವಿಚ್ಚು ಆರಿಸಬೇಕು, ಬ್ರೇಕಿನ ಕೋಲು ಎಳೆಯಬೇಕು. ಮೊದಲ ಸಲ ನಾನು ಗಾಬರಿಯಾಗಿ "ಸಾಬ್ರ, ಸಾಬ್ರ" ಎಂದು ಅವರ ಗದ್ದ ಹಿಡಿದು ಅಲ್ಲಾಡಿಸಿದೆ. ಬಸ್ಸು ತನ್ನ ಪಾಡಿಗೆ ಹೋಗಿ ಜಾಲಿಕಂಟಿಗೆ ನುಗ್ಗಿತು. ಅವರು ಕಣ್ಣು ತೆರೆದು ಬೈದರು.

"ನನ್ನ ಮಾರಿ ನೋಡಿ ಏನ್ಮಾಡ್ತೀಲೇ? ಎರಡು ಸಲ ಕರಿ. ಓ ಅನ್ನಲಿಲ್ಲಂದ್ರ ಮೊದಲ ಚಕ್ರ ಹಿಡಿ. ಆಮ್ಯಾಲೆ ಗಾಡಿ ನಿಲ್ಲಸು. ಆಮ್ಯಾಲೆ ಗಾಲಿಗೆ ಕಲ್ಲು ಕೊಡು. ನಾ ಸತ್ತೀನೋ ಬದಕೀನೋ ಅನ್ನೂದು ಅದರ ಮ್ಯಾಲೆ ನೋಡು."

"ನಿಮ್ಮ ಮೈಮ್ಯಾಲೆ ಕೈ ಹೆಂಗ ಹಾಕಲ್ರೀ?"

"ಮರ್ಯಾದಿ ಇಳದಮ್ಯಾಲೆ ತೋರ್ಸು. ಗಾಡ್ಯಾಗ ಬ್ಯಾಡ."

ಮೈದಾನದಲ್ಲಿ ದನ ಮೇಯಿಸುವವರು ನಿಂತು ನೋಡಿ ನಗುತ್ತಿದ್ದರು. ಇಷ್ಟು ದೊಡ್ಡ ಮನುಷ್ಯ ದಿನವೂ ಸಾಯುವುದು, ಇಷ್ಟು ಸಣ್ಣ ಮನುಷ್ಯ ಅವರ ತೋಳು ಎತ್ತಲು ಒದ್ದಾಡುವುದು. ನನಗೆ ನಾಚಿಕೆಯಾಗುತ್ತಿತ್ತು. ಬಸ್ಸು ನಿಲ್ಲಿಸುವುದನ್ನಷ್ಟೇ ಅವರು ಕಲಿಸಿದರು, ಓಡಿಸುವುದನ್ನು ಕಲಿಸಲಿಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ಜನ ತುಂಬಿದ ಗಾಡಿ ಕೊಡುವುದಿಲ್ಲ ಎನ್ನುತ್ತಿದ್ದರು.

ಅವರಿಗೆ ಈ ಚಿಂತೆ ಯಾಕೆ ಹತ್ತಿಕೊಂಡಿತೆಂದು ಒಂದು ದಿನ ಕೇಳಿಯೇಬಿಟ್ಟೆ. ಮಸ್ಕಿಯ ಚಹಾದಂಗಡಿಯ ಮುಂದೆ ಕೂತಿದ್ದೆವು. ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತ ಹೇಳಿದರು. ಅವರಿಗೆ ಲಾರಿ ಕಲಿಸಿದ ಉಸ್ತಾದ ರಾಯಚೂರಿನ ಕಡೆಯವನು. ಸ್ಟೇರಿಂಗಿಗೆ ಯಾರ ಬೆರಳು ತಾಗಿದರೂ ಕಪಾಳಕ್ಕೆ ಹೊಡೆಯುತ್ತಿದ್ದನಂತೆ. ಒಂದು ದಿನ ಹತ್ತಿಯ ಅಂಡಿಗೆ ಹೇರಿಕೊಂಡು ಹೋಗುವಾಗ ಉಸ್ತಾದನಿಗೆ ಜೋಂಪು ಹತ್ತಿತು. ಪಕ್ಕದಲ್ಲಿ ಕೂತಿದ್ದ ಇವರಿಗೆ ಅದು ಕಾಣುತ್ತಿತ್ತು.

"ನನಗ ಕಾಣಾಕತ್ತಿತ್ತು ತಮ್ಮಾ. ಲಾರಿ ಬಾಜೂ ಸರಿಯೂದು ಕಾಣಾಕತ್ತಿತ್ತು. ಚಕ್ರ ಹಿಡದ್ರ ಉಸ್ತಾದ ಹೊಡಿತಾನಂತ ಸುಮ್ನ ಕುಂತೆ. ಕಪಾಳಕ್ಕ ಅಂಜಿ ಹಳ್ಳಕ್ಕ ಬಿದ್ವಿ."

"ಉಸ್ತಾದಗ?"

"ಉಳೀಲಿಲ್ಲ." ಬಸಿಯಲ್ಲಿ ಉಳಿದ ಚಹಾ ಕುಡಿದರು. "ಹೊಡಿಯಾಕಾದ್ರೂ ಇರಬೇಕಿತ್ತಲ್ಲ ಅಂವ."

ಆಮೇಲೆ ಎದ್ದು ಚಕ್ರಗಳ ಗಾಳಿ ನೋಡಲು ಹೋದರು. ಆ ವಿಷಯ ಮತ್ತೆ ಎತ್ತಲಿಲ್ಲ.

ತುಂಗಭದ್ರೆಯ ಕಾಲುವೆ ಅಗೆಯುವ ಕೆಲಸ ನಮ್ಮ ದಾರಿಯನ್ನು ಮುಟ್ಟಿದ ವರ್ಷ ಬೇಸಿಗೆಯಲ್ಲಿ ಅದು ನಡೆಯಿತು. ಮಸ್ಕಿ ದಾಟಿ ಸಿಂಧನೂರಿನ ಕಡೆ ಹೋಗುವಾಗ ರಸ್ತೆಯನ್ನೇ ಕಡಿದು ಕಾಲುವೆ ತೋಡಿದ್ದರು. ಬಸ್ಸುಗಳಿಗಾಗಿ ಎಡಕ್ಕೆ ಒಂದು ಮಣ್ಣಿನ ಸುತ್ತುದಾರಿ ಮಾಡಿದ್ದರು. ನೇರ ಹೋದರೆ ಆಳವಾದ ತೋಡು. ಅದರೊಳಗಿಂದ ಹೆಂಗಸರು ಗಂಡಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಬರುತ್ತಿದ್ದರು.

ನಾನು ಎಂದಿನಂತೆ ಕೂಗಿದೆ. "ಕಾಲುವಿ ಬಂತ್ರೀ."

ಉತ್ತರವಿಲ್ಲ. ಅವರು ನೆಟ್ಟಗೆ ಕೂತಿದ್ದರು. ಎರಡೂ ಕೈ ಸ್ಟೇರಿಂಗಿನ ಮೇಲೆ, ಕಣ್ಣು ತೆರೆದೇ ಇದ್ದವು. ಮೈದಾನದಲ್ಲಿ ಅವರು ಯಾವಾಗಲೂ ದಬಕ್ಕನೆ ಬಿದ್ದು ತೋರಿಸುತ್ತಿದ್ದರು. ಹೀಗೆ ಕೂತೇ ಇರುವುದನ್ನು ತೋರಿಸಿರಲಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡೆ. ಏನಾದರೂ ಸಿಟ್ಟು ಬಂದಿದೆಯೇನೋ ಎಂದೂ ಅನಿಸಿತು.

"ಸಾಬ್ರ, ಕಾಲುವಿ ಬಂತ್ರೀ!"

ಬಸ್ಸು ಎಡಕ್ಕೆ ತಿರುಗಬೇಕಾದ ಜಾಗ ಹತ್ತಿರ ಬಂತು. ಅವರ ಕೈ ಅಲುಗಲಿಲ್ಲ. ಮುಂದೆ ಮಣ್ಣಿನ ಗುಡ್ಡೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ನಿಂತು ನಮ್ಮ ಕಡೆ ನೋಡುತ್ತಿದ್ದಳು, ಬಸ್ಸು ತಿರುಗುತ್ತದೆ ಎಂಬ ನಂಬಿಕೆಯಲ್ಲೇ.

ನಾನು ಅವರ ತೊಡೆಯ ಮೇಲೆ ಅಡ್ಡಬಿದ್ದು ಸ್ಟೇರಿಂಗ್ ಹಿಡಿದೆ. ಅವರ ಎಡಗೈ ಸಡಿಲವಿತ್ತು, ಬಲಗೈ ಕಬ್ಬಿಣದಂತೆ ಬಿಗಿದಿತ್ತು. ಮೊಣಕೈಯಿಂದ ಅದನ್ನು ಹೊಡೆದು ಬಿಡಿಸಿ ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಸ್ವಿಚ್ಚು ಆರಿಸಿದೆ. ಬ್ರೇಕಿನ ಕೋಲನ್ನು ಎರಡೂ ಕೈಯಿಂದ ಜಗ್ಗಿದೆ. ಬಸ್ಸು ಅರ್ಧ ತಿರುಗಿ, ಗುಡ್ಡೆಯ ಸಡಿಲ ಮಣ್ಣಿನಲ್ಲಿ ಮೂತಿ ಹುಗಿದು ನಿಂತಿತು. ಆ ಹೆಂಗಸು ಬುಟ್ಟಿ ಚೆಲ್ಲಿ ಹಿಂದೆ ಹಾರಿದ್ದಳು. ತೋಡಿನ ಅಂಚು ಅವಳ ಬೆನ್ನ ಹಿಂದೆಯೇ ಇತ್ತು.

ಹಿಂದಿನಿಂದ ಯಾರೋ ಕೂಗಿದರು. "ಮೊದಲ ಅವರಿಗೆ ನೀರ ಕೊಡೋ!" ನಾನು ಕೇಳಲಿಲ್ಲ. ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟೆ. ಜನರನ್ನು ಕೆಳಗಿಳಿಸಿದೆ. ಆಮೇಲೆ ಒಳಗೆ ಹೋಗಿ ಅವರ ಮುಖ ನೋಡಿದೆ. ಯಾರೋ ಕೊಟ್ಟ ನೀರನ್ನು ಮುಖಕ್ಕೆ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಅವರ ಕಣ್ಣು ಅಲುಗಿದವು. ಬಾಯಿಯ ಒಂದು ಮೂಲೆ ಜೋತುಬಿದ್ದಿತ್ತು. ಹಚ್ಚಿದ ನೀರನ್ನು ಒರೆಸಿಕೊಂಡು, "ಯಾಕ ನಿಲ್ಲಸೀಯೋ? ಸರಿ ಆ ಕಡೆ. ಹೊತ್ತಾಕತ್ತೈತಿ" ಎಂದರು. ಜನಕ್ಕೆ ಜೀವ ಬಂದಂತಾಯಿತು. "ಆರಾಮಾದ್ರು, ಆರಾಮಾದ್ರು. ಬಿಸಲಿಗೆ ತಲಿ ತಿರಗೈತಿ ಅಷ್ಟ" ಎಂದು ಹತ್ತಲು ಶುರುಮಾಡಿದರು. ನಾನು ಬಾಗಿಲಿಗೆ ಅಡ್ಡ ನಿಂತು ಕೇಳಿದೆ.

"ಸಾಬ್ರ, ಎಲ್ಲಿಗೆ ಹೊಂಟೀವ್ರೀ?"

"ಮುದಗಲ್ಲಿಗೆ" ಎಂದರು.

ಹತ್ತುತ್ತಿದ್ದವರು ಅಲ್ಲೇ ನಿಂತರು. ಅವರು ಒಬ್ಬೊಬ್ಬರ ಮುಖ ನೋಡಿದರು. ತಾವು ಏನೋ ತಪ್ಪು ಹೇಳಿದ್ದೇವೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಮೆಲ್ಲಗೆ ಸೀಟಿನಿಂದ ಸರಿದರು.

ಕಾಲುವೆ ಕೆಲಸದ ಲಾರಿಯ ಡ್ರೈವರೊಬ್ಬ, ಆಂಧ್ರದ ಕಡೆಯವನು, ಓಡಿಬಂದಿದ್ದ. ಅವನೇ ಬಸ್ಸನ್ನು ಮಣ್ಣಿನಿಂದ ಹಿಂದೆ ತೆಗೆದು ಸಿಂಧನೂರಿಗೆ ಮುಟ್ಟಿಸಿದ. ಅಲ್ಲಿ ನಾನು ಸಾಬ್ರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕೈ ಎತ್ತಿಸಿದರು, ನಾಲಿಗೆ ಚಾಚಿಸಿದರು. ಮಿದುಳಿಗೆ ರಕ್ತ ಹೋಗುವುದು ಒಂದು ಗಳಿಗೆ ನಿಂತಿತ್ತು, ಹೀಗೆ ಮತ್ತೆ ಆಗಬಹುದು, ಆಗದೆಯೂ ಇರಬಹುದು, ಗಾಡಿ ಮಾತ್ರ ಇನ್ನು ಮುಟ್ಟಬೇಡಿ ಎಂದರು. ಹೊರಗೆ ಬಂದಾಗ ಸಾಬ್ರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ತಮ್ಮಾ, ಇದು ನಮ್ಮಿಬ್ಬರೊಳಗ ಇರ್ಲಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಕೆಲವು ವಾರ ಅವರು ಮನೆಯಲ್ಲಿದ್ದರು. ಸಾಹುಕಾರರು ಬದಲಿ ಡ್ರೈವರನ್ನು ತಂದರು. ದಾರಿಯುದ್ದಕ್ಕೂ ಜನರ ಪ್ರಶ್ನೆ ಒಂದೇ: "ಸಾಬ್ರು ಯಾವಾಗ ಬರ್ತಾರ?" ಬಿಸಿಲಿಗೆ ತಲೆ ತಿರುಗಿದ್ದು ಎಂದು ಎಲ್ಲರೂ ನಂಬಿದ್ದರು, ಅಥವಾ ನಂಬುವುದಕ್ಕೆ ಒಪ್ಪಿದ್ದರು. ಅವರ ಮುಖ ಸರಿಹೋಗಿತ್ತು, ನಡಿಗೆಯೂ ಸರಿಯಿತ್ತು. ಒಂದು ಸಂಜೆ ಅವರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ನನ್ನನ್ನು ಕರೆಸಿ ಬಾಗಿಲ ಪರದೆಯ ಹಿಂದೆ ನಿಂತು ಮಾತಾಡಿದರು.

"ನಾಳಿಂದ ಹೊಂಟಾರ. ನೀ ಏನೂ ಅನಬ್ಯಾಡಪ್ಪ. ಮನ್ಯಾಗ ಕುಂತ್ರ ಆ ಮನುಷ್ಯಾ ಉಳಿಯೂದಿಲ್ಲ."

"ಡಾಕ್ಟರ್ ಬ್ಯಾಡಂದಾರ್ರೀ ಚಾಚಿ."

"ಡಾಕ್ಟರಗ ಏನು ಗೊತ್ತು? ಮೂವತ್ತು ವರ್ಷಾತು ಅವರ ಕೈಯಾಗ ಒಂದು ಕೋಳಿ ಸತ್ತಿಲ್ಲ."

ಅದು ನಿಜವೇ ಆಗಿತ್ತು. ನಾನು ಎದ್ದುಬಂದೆ.

ಮರುದಿನ ಬೆಳಿಗ್ಗೆ ಅವರು ಒಗೆದ ಖಾಕಿ ಹಾಕಿಕೊಂಡು ಬಂದರು. ಜನ ಎದ್ದು ನಿಂತು ನಮಸ್ಕಾರ ಮಾಡಿದರು. ಬಳೆ ಮಾರುವವಳು ಅವರಿಗೆಂದು ಕಡಲೆಕಾಯಿ ತಂದಿದ್ದಳು. ಸಾಹುಕಾರರೂ ಬಂದು, "ನೀವಿಲ್ದ ನನ್ನ ಬಸ್ಸು ಬಿಕೋ ಅಂತಿತ್ರೀ" ಎಂದು ನಕ್ಕರು. ಸಾಬ್ರು ಸೀಟಿನ ಮೇಲೆ ತಮ್ಮ ಬಟ್ಟೆ ಹಾಸಿ ಕೂತು, ಇಂಜಿನ್ನು ಶುರುಮಾಡಿಸಿ, ಮುಂದೆ ನೋಡಿದರು. ನಾನು ಸೀಟಿ ಊದದೆ ಬಸ್ಸು ಹೊರಡುವಂತಿರಲಿಲ್ಲ. ಅದೂ ಅವರದೇ ನಿಯಮ.

ನಾನು ಬಸ್ಸಿನ ಮುಂದೆ ಹೋಗಿ ನಿಂತೆ. ಸೀಟಿ ಕೈಯಲ್ಲೇ ಇತ್ತು.

"ಸೀಟಿ" ಎಂದರು.

ನಾನು ಸೀಟಿಯನ್ನು ಬಾಯಿಗೆ ಒಯ್ಯಲಿಲ್ಲ.

"ಸೀಟಿ ಹೊಡಿ ತಮ್ಮಾ."

ಒಳಗಿನಿಂದ ಜನ ಕೂಗಿದರು. "ಊದೋ, ಯಾಕ ನಿಂತಿ? ಹೊತ್ತಾತು." ಸಾಹುಕಾರರು ಹತ್ತಿರ ಬಂದು, "ಏನಾಗೈತಿ ನಿನಗ?" ಎಂದರು. ಆಗ ನಾನು ಡಾಕ್ಟರು ಹೇಳಿದ್ದೆಲ್ಲವನ್ನೂ ಎಲ್ಲರಿಗೂ ಕೇಳುವಂತೆ ಹೇಳಿದೆ. ಬೇರೆ ರೀತಿಯಲ್ಲಿ ಹೇಳಬಹುದಿತ್ತೇನೋ. ಆ ಹೊತ್ತಿಗೆ ನನಗೆ ಬೇರೆ ರೀತಿ ಹೊಳೆಯಲಿಲ್ಲ. ಸಾಹುಕಾರರು ಸಾಬ್ರ ಕಡೆ ತಿರುಗಿ, "ಖರೇ ಏನ್ರೀ?" ಎಂದು ಕೇಳಿದರು.

ಅವರು ಇಂಜಿನ್ನು ಆರಿಸಿದರು. ಇಳಿದು ನನ್ನೆದುರಿಗೆ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಅಂದರು.

"ಇಷ್ಟು ಮಂದ್ಯಾಗ ನನ್ನ ಮರ್ಯಾದಿ ತಗದ್ಯಲ್ಲೋ."

"ಗಾಡ್ಯಾಗ ಜನ ಅದಾರ್ರೀ ಸಾಬ್ರ."

ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಅವರು ಸೀಟಿನ ಬಟ್ಟೆ ಮಡಚಿ ಕಂಕುಳಲ್ಲಿಟ್ಟುಕೊಂಡರು. ಇಂಜಿನ್ನು ತಿರುವುವ ಹ್ಯಾಂಡಲ್ಲನ್ನು ತೆಗೆದು, ಕೈ ಚಾಚಿದ ನನಗೆ ಕೊಡದೆ ಸಾಹುಕಾರರ ಕೈಗೆ ಕೊಟ್ಟು, ಮನೆಯ ಕಡೆ ನಡೆದುಹೋದರು. ಬಳೆ ಮಾರುವವಳು ಆ ದಿನ ಸಂತೆಗೆ ಬರಲಿಲ್ಲ, ಬಸ್ಸಿನಿಂದ ಇಳಿದುಬಿಟ್ಟಳು.

ಅವರು ನನ್ನೊಂದಿಗೆ ಮಾತು ಬಿಟ್ಟರು. ರಂಜಾನ್ ಹಬ್ಬಕ್ಕೆ ಅವರ ಮನೆಗೆ ಹೋದೆ. ಚಾಚಿ ಒಳಗಿನಿಂದ ಸುರ್ಕುಂಬಾ ಪಾಯಸ ಕಳಿಸಿದರು, ಅವರು ಮಾತ್ರ ಪಕ್ಕದಲ್ಲಿ ಕೂತವರ ಜತೆ ಮಳೆಯ ಬಗ್ಗೆ ಮಾತಾಡುತ್ತಲೇ ಇದ್ದರು. ದಾರಿಯ ಜನವೂ ಕೆಲವು ಕಾಲ ನನ್ನನ್ನು ಸರಿಯಾಗಿ ನೋಡಲಿಲ್ಲ. ನಮ್ಮಪ್ಪ ಮಾತ್ರ ಒಂದು ರಾತ್ರಿ ಊಟ ಮಾಡುತ್ತ, ನಾನು ಕೇಳದೆಯೇ, "ಅಂವಾ ಕಲಿಸಿದ್ದನ್ನ ಅಂವಗ ಮಾಡಿ ತೋರ್ಸೀದಿ. ಸಿಟ್ಟು ಬರ್ತೈತಿ. ಬರ್ಲಿ ಬಿಡು" ಎಂದರು.

ಆಮೇಲೆ ಸಾಬ್ರು ಮುದಗಲ್ಲಿಗೆ ಹೋಗಿ ತಮ್ಮನ ಸೈಕಲ್ ಅಂಗಡಿಯಲ್ಲಿ ಕೂತರು. ಒಂದೆರಡು ಸಲ ಅದೇ ತರಹ ಆಯಿತೆಂದು ಕೇಳಿದೆ. ಒಮ್ಮೆ ಟ್ಯೂಬಿಗೆ ಗಾಳಿ ಹಾಕುತ್ತಿದ್ದವರು ಹಾಗೇ ನಿಂತುಬಿಟ್ಟರಂತೆ, ಪಂಪು ಹಿಡಿದುಕೊಂಡು, ಕಣ್ಣು ತೆರೆದುಕೊಂಡು. ಆ ಸುದ್ದಿ ಕೇಳಿ ನನಗೆ ನೆಮ್ಮದಿಯೇನೂ ಆಗಲಿಲ್ಲ.

ನಾನು ಬದಲಿ ಡ್ರೈವರನ ಹತ್ತಿರ ಗಾಡಿ ಕಲಿತೆ. ಐವತ್ತಾರರಲ್ಲಿ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮಾತು ಎಲ್ಲರ ಬಾಯಲ್ಲಿದ್ದಾಗ, ನನಗೆ ಲೈಸೆನ್ಸ್ ಸಿಕ್ಕಿತು. ಸಾಹುಕಾರರು ಆ ಬಸ್ಸನ್ನೇ ನನ್ನ ಕೈಗೆ ಕೊಟ್ಟರು. ಈಗ ಅದು ಮುದಗಲ್ಲಿನಿಂದಲೇ ಹೊರಡುತ್ತಿತ್ತು.

ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಮುದಗಲ್ಲಿನಲ್ಲಿ ಅವರು ಬಸ್ಸು ಹತ್ತಿದರು. ಚಾಚಿ ಜತೆಗಿದ್ದರು. ಸಿಂಧನೂರಿನ ಹತ್ತಿರ ತುರ್ವಿಹಾಳದಲ್ಲಿ ಮಗಳನ್ನು ಕೊಟ್ಟಿದ್ದರು, ಅವಳನ್ನು ನೋಡಲು ಹೊರಟಿದ್ದರು. ಖಾಕಿ ಇರಲಿಲ್ಲ, ಬಿಳಿ ಪೈಜಾಮ, ಮೇಲೊಂದು ಶಾಲು. ನಾನು ಇಳಿದು ಸಲಾಂ ಮಾಡಿದೆ. ತಲೆಯಾಡಿಸಿದರು, ಅಷ್ಟೇ. ಕಂಡಕ್ಟರು ಟಿಕೆಟ್ಟು ಬೇಡವೆಂದರೂ ಕೇಳದೆ ಕೊಂಡು, ನನ್ನ ಸೀಟಿನ ನೇರ ಹಿಂದೆ ಕೂತರು.

ಆ ದಿನ ಪ್ರತಿ ಗೇರನ್ನೂ ಸದ್ದಾಗದಂತೆ ಹಾಕಿದೆ. ಪ್ರತಿ ಸದ್ದನ್ನೂ ಅವರು ಕೇಳಿಸಿಕೊಳ್ಳುತ್ತಿದ್ದಾರೆ, ಪ್ರತಿ ತಿರುವನ್ನೂ ಅಳೆಯುತ್ತಿದ್ದಾರೆ ಎಂದು ಬೆನ್ನಿಗೆ ಅನಿಸುತ್ತಿತ್ತು. ಲಿಂಗಸುಗೂರು ಬಂತು, ಹಿಂದಿನಿಂದ ಒಂದು ಮಾತಿಲ್ಲ. ಮಸ್ಕಿ ಬಂತು, ಮಾತಿಲ್ಲ. ಕಾಲುವೆಯ ಹತ್ತಿರ ಈಗ ಕಲ್ಲಿನ ಸೇತುವೆ ಆಗಿತ್ತು, ಕೆಳಗೆ ನೀರು ಹರಿಯುತ್ತಿತ್ತು. ಅಲ್ಲಾದರೂ ಏನಾದರೂ ಹೇಳಿಯಾರು ಎಂದು ಬಸ್ಸು ನಿಧಾನ ಮಾಡಿದೆ. ಹೇಳಲಿಲ್ಲ.

ಸಿಂಧನೂರಿನಲ್ಲಿ ಬಸ್ಸು ನಿಲ್ಲಿಸಿ ಹಿಂದೆ ತಿರುಗಿದೆ. ಚಾಚಿ ಬೆರಳನ್ನು ತುಟಿಗೆ ಇಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದರು. ಅವರು ಶಾಲಿನೊಳಗೆ ಮುದುಡಿ, ಬಾಯಿ ತೆರೆದು, ಗಾಢವಾಗಿ ನಿದ್ದೆ ಮಾಡುತ್ತಿದ್ದರು.

"ಲಿಂಗಸೂರ ಮುಟ್ಟಾಕಿಂತ ಮೊದಲ ಹತ್ತೈತಿ ನಿದ್ದಿ" ಎಂದರು ಚಾಚಿ ಮೆಲ್ಲಗೆ. "ಬ್ಯಾರೆ ಮಂದಿ ಹೊಡಿಯೂ ಗಾಡ್ಯಾಗ ಎಂದೂ ಕಣ್ಣು ಮುಚ್ಚಿದವರಲ್ಲ."

ಡ್ರೈವರಾದವನಿಗೆ ಇನ್ನೊಬ್ಬನ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ. ಕಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ನನಗೂ ಈಗ ಹಾಗೆಯೇ. ಜನ ಇಳಿದುಹೋದರು. ನಾನು ಸೀಟಿನಲ್ಲೇ ಕೂತು ಅವರು ಏಳುವವರೆಗೆ ಕಾದೆ. ಕಣ್ಣು ಬಿಟ್ಟು ಖಾಲಿ ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ಒರೆಸಿಕೊಂಡು, ಶಾಲು ಸರಿಮಾಡಿಕೊಂಡು, ನನ್ನ ಹೆಗಲು ಹಿಡಿದು ಎದ್ದು ನಿಂತರು.

"ಛಲೋ ನಿದ್ದಿ ಬಂತು ನೋಡು ತಮ್ಮಾ" ಎಂದು ಇಳಿದು ಹೋದರು.